ಸೇತುವೆಯ ಮೇಲೆ ಐದು ಸೀಸೆ

ಸಾರ್ಜೆಂಟ್ ಅರ್ಹೇತಾ ಬುಟ್ಟಿಯ ಮೇಲಿನ ಬಟ್ಟೆಯನ್ನು ಬಂದೂಕಿನ ತುದಿಯಿಂದ ಸರಿಸಿದ. ಕೆಳಗೆ ಜೋಳದ ರೊಟ್ಟಿ. ರೊಟ್ಟಿಯ ಕೆಳಗೆ ಐದು ಸಣ್ಣ ಗಾಜಿನ ಸೀಸೆ.

"ಇದೇನಜ್ಜಿ?"

"ಅರಿವಳಿಕೆ ಮದ್ದು, ಸಾಹೇಬ್ರೆ. ಹೆರಿಗೆಯಾದೋರಿಗೆ ಹೊಲಿಗೆ ಹಾಕೋವಾಗ ಚುಚ್ಚೋದು," ಎಂದಳು ಹಸಿಂತಾ. ಮೂವತ್ತು ವರ್ಷದಿಂದ ಅವಳು ಸೂಲಗಿತ್ತಿ. ಚಲತೆನಾಂಗೋ ಸೀಮೆಯ ಆ ಹೊಳೆಯ ಎರಡೂ ದಡದಲ್ಲಿ ಅವಳನ್ನು ಅರಿಯದ ಮನೆಯಿರಲಿಲ್ಲ. ಯುದ್ಧ ಶುರುವಾಗಿ ಆರು ವರ್ಷವಾದರೂ ಸೇನೆಯವರು ಅವಳ ಬುಟ್ಟಿಗೆ ಕೈಹಾಕಿರಲಿಲ್ಲ.

"ನಮ್ಮಮ್ಮ ಏಳು ಹೆತ್ತಳು. ಒಂದು ಸೂಜೀನೂ ಚುಚ್ಚಿಸಿಕೊಳ್ಳಲಿಲ್ಲ." ಅವನು ಒಂದು ಸೀಸೆಯನ್ನು ಬಿಸಿಲಿಗೆ ಹಿಡಿದ. "ನಿಜ ಹೇಳು. ಬೆಟ್ಟದ ಮೇಲಿನ ಬಂಡುಕೋರರಿಗೆ ತಾನೇ?"

"ನೋವು ತಿನ್ನೋರಿಗೆ."

"ಗುರುವಾರದ ಕಾದಾಟದಲ್ಲಿ ನಮ್ಮವರು ಹನ್ನೊಂದು ಜನ ವಾಪಸ್ ಬರಲಿಲ್ಲ. ಅವರ ನೋವು ಯಾರು ಕೇಳಿದ್ರು?"

ಹಸಿಂತಾಳ ನಾಲಿಗೆಯ ತುದಿಗೆ ಒಂದು ಮಾತು ಬಂತು. ಆಡಿಬಿಟ್ಟರೆ ಅದರ ಹಿಂದೆ ನೂರು ಪ್ರಶ್ನೆ. ಕೊನೆಗೆ ಬಂಡುಕೋರರ ಗುಹೆಯ ದಾರಿ ತೋರಿಸಬೇಕಾಗುತ್ತದೆ. ಅಲ್ಲಿ ನಲವತ್ತು ಗಾಯಾಳುಗಳು ಮಲಗಿದ್ದರು. ಅವಳು ಮಾತನ್ನು ನುಂಗಿಕೊಂಡಳು.

ಸೀಸೆಗಳು ಒಂದೊಂದಾಗಿ ಸೇತುವೆಯ ಕಲ್ಲಿಗೆ ಬಡಿದು ಚೂರಾದವು.

"ನರಳಲಿ," ಎಂದ ಅರ್ಹೇತಾ. "ರೊಟ್ಟಿ ತಗೊಂಡು ನಡಿ. ವಯಸ್ಸಾಗಿದೆ ಅಂತ ಬಿಡ್ತಿದ್ದೀನಿ."

ಏರುದಾರಿಯಲ್ಲಿ ಅವಳು ಎಲ್ಲೂ ಕೂರಲಿಲ್ಲ. ಮಧ್ಯಾಹ್ನದೊಳಗೆ ಆ ಗಾಯಾಳುವಿನ ಕಾಲು ತೆಗೆಯದಿದ್ದರೆ ಕೊಳೆತವು ತೊಡೆಗೇರುತ್ತದೆ, ಆಮೇಲೆ ಆಳು ಉಳಿಯುವುದಿಲ್ಲ ಎಂದಿದ್ದಳು ಗುಹೆಯ ಡಾಕ್ಟರ್ ಕ್ಲೇಲಿಯಾ. ತಲೆಯ ಮೇಲೆ ಹೆಲಿಕಾಪ್ಟರ್ ಸದ್ದಾದಾಗಲೂ ಹಸಿಂತಾ ಮರದಡಿ ನಿಲ್ಲಲಿಲ್ಲ. ಕೈಯಲ್ಲಿ ಮದ್ದಿಲ್ಲದಿದ್ದರೂ ಕಾಲುಗಳು ಯಾಕೋ ಓಡುತ್ತಲೇ ಇದ್ದವು.

ಗುಹೆಯ ಬಾಯಲ್ಲಿ ಕ್ಲೇಲಿಯಾ ಕೈತೊಳೆದು ಕಾಯುತ್ತಿದ್ದಳು. ಕುದಿಯುವ ನೀರಿನಲ್ಲಿ ಗರಗಸವಿತ್ತು.

"ತಂದ್ರಾ, ಹಸಿಂತಮ್ಮ?"

"ಸೇತುವೆ ಹತ್ರ ಒಡೆದುಹಾಕಿದ್ರು. ಐದೂ."

"ಯಾರಿಗೆ ಅಂತ ಹೇಳಲಿಲ್ಲ ತಾನೇ?"

"ಹೇಗೆ ಹೇಳ್ಲಿ?"

ಕ್ಲೇಲಿಯಾ ಕೈಕಾಲು ಹಿಡಿದುಕೊಳ್ಳಲು ನಾಲ್ವರನ್ನು ಕರೆದಳು. ಜ್ವರದಲ್ಲಿ ಬೇಯುತ್ತಿದ್ದ ರೋಗಿಯ ತಲೆಯ ಬಳಿ ಮಂಡಿಯೂರಿ, ಅವನ ಬೆಲ್ಟನ್ನು ಮಡಚಿ ಬಾಯಿಗೆ ಹಿಡಿದಳು.

"ಗಟ್ಟಿಯಾಗಿ ಕಚ್ಚಿಕೊಳ್ಳಿ, ಕಾರ್ಪೊರಲ್. ನಿಮಗೆ ತಂದ ಮದ್ದನ್ನ ನಿಮ್ಮ ಸೇನೆಯವರೇ ಒಡೆದುಹಾಕಿದ್ದಾರೆ."