ಲಾಡಿ

“ನಲವತ್ನಾಲ್ಕು!” ಎಂದು ಸಖುಬಾಯಿ ಟೇಪು ಎಳೆದು ಹಿಡಿದು ಕೂಗುವುದಕ್ಕೂ, ಅಂಗಡಿಯ ಬಾಗಿಲಲ್ಲಿ ಪೂನಂ ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಆಮ್ರಪಾಲಿಗೆ ಆ ಟೇಪಿನೊಳಗೇ ಅಡಗಿಕೊಳ್ಳಬೇಕೆನಿಸಿತು. ತನ್ನೂರು ಬಸವಕಲ್ಯಾಣದಲ್ಲಿ ಹೊಲಿಯುವವರಿಗೇನು ಕೊರತೆಯಿರಲಿಲ್ಲ. ಅಲ್ಲಿ ಚೂಡಿದಾರಕ್ಕೆ ಅಳತೆ ಕೊಟ್ಟರೆ ಸಂಜೆಯೊಳಗೆ ತನ್ನ ಶಾಲೆಯವರೆಗೆ ಸುದ್ದಿ ಮುಟ್ಟುತ್ತದೆಂದೇ, ನೈಟಿಯ ಮೇಲೆ ಮಗಳ ಓಢಣಿ ಹೊದ್ದು, ಹೊಟ್ಟೆ ಹಿಡಿದುಕೊಂಡು, ಒಂದು ತಾಸು ಬಸ್ಸಿನಲ್ಲಿ ಕುಲುಕಾಡಿ ಹುಮನಾಬಾದಿಗೆ ಬಂದಿದ್ದಳು. ಗರ್ಭಚೀಲ ತೆಗೆಸಿಕೊಂಡು ಎರಡು ತಿಂಗಳಾಗಿತ್ತು. ಮಲಗಿ ಮಲಗಿ ಮೈ ಒಂಬತ್ತು ಕಿಲೋ ಏರಿತ್ತು. ಸೀರೆಯೊಳಗಿನ ಲಂಗದ ಲಾಡಿ ಬಿಗಿದರೆ ಹೊಲಿಗೆ ಹಾಕಿದಲ್ಲಿ ಕೆಂಡ ಇಟ್ಟಂತೆ. ಸಡಿಲ ಬಿಟ್ಟರೆ ನಿರಿಗೆಯೆಲ್ಲ ಜಾರಿ ಕಾಲಿಗೆ. ಬೆಳಿಗ್ಗೆ ಮಗಳು ಮೂರು ಸಲ ಲಾಡಿ ಕಟ್ಟಿ ಮೂರು ಸಲ ಬಿಚ್ಚಿದ್ದಳು. ರಜೆ ಮುಗಿದಿತ್ತು, ಸೋಮವಾರ ಶಾಲೆಗೆ ಹಾಜರಾಗಲೇಬೇಕಿತ್ತು. ತನ್ನ ಶಾಲೆಯಲ್ಲೇ ಕಲಿಸುವ ಪೂನಂಳ ತವರು ಇದೇ ಓಣಿ ಎಂಬುದು ಅವಳಿಗೆ ಈಗಷ್ಟೇ ನೆನಪಾಯಿತು.

“ಅಯ್ಯ, ಮೇಡಂ! ಇಲ್ಲಿ ತನಕ ಬಂದೀರಿ? ತಬಿಯತ್ ಹ್ಯಾಂಗದರಿ?”

“ಅರಾಮ ಅದೀನಿ. ಇದು... ನಮ್ಮ ಅಕ್ಕಗ ಒಂದು ಡ್ರೆಸ್. ಆಕಿದೂ ನನ್ನಂಗೇ ಮೈ. ಅದಕ್ಕ ನಾನೇ ಅಳತಿ ಕೊಡಾಕತ್ತೀನಿ.”

ಸಖುಬಾಯಿ ಕನ್ನಡಕದ ಮೇಲಿಂದ ನೋಡಿದಳು. “ಸೋಮವಾರ ಸಾಲಿಗಿ ಹಾಕ್ಕೋಬೇಕು, ನಾಳೆನೇ ಹೊಲದು ಕೊಡು ಅಂದ್ರಿ. ನಿಮ್ಮಕ್ಕನೂ ಸಾಲಿ ಕಲಸ್ತಾರೇನು?”

ಪೂನಂ ನಗಲಿಲ್ಲ. ನಕ್ಕಿದ್ದರೇ ಒಳ್ಳೆಯದಿತ್ತು. “ನನ್ನ ಬ್ಲೌಸ್ ಆಗ್ಯಾದೇನು ಮೌಶಿ?” ಎಂದಳು.

“ಆಗ್ಯಾದ, ತಗೋ. ನಿನ್ನ ಅಳತಿ ನಾ ಬರಕೊಳ್ಳೂದೇ ಬಿಟ್ಟೀನಿ. ಲಗ್ನದಾಗೂ ಇಪ್ಪತ್ತೆಂಟು ಸೊಂಟ, ಹಡದ ಮ್ಯಾಲೂ ಇಪ್ಪತ್ತೆಂಟು. ಸುಮ್ಮ ಯಾಕ ಕಾಗದ ಹಾಳು ಮಾಡೂದು?”

ಇಪ್ಪತ್ತೆಂಟು! ಆಮ್ರಪಾಲಿಯ ಎದೆಯಲ್ಲಿ ಹಳೆಯ ಉರಿ ಭಗ್ಗೆಂದಿತು. ಎರಡು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಅತಿಥಿ ಶಿಕ್ಷಕಿಯಾಗಿದ್ದ ಪೂನಂ ಹಡೆದ ಎರಡನೇ ತಿಂಗಳಿಗೇ ಶಾಲೆಗೆ ಬಂದಿದ್ದಳು. ಹಸಿರು ಚೂಡಿದಾರ, ಎರಡೂ ಹೆಗಲಿಗೆ ಪಿನ್ನು ಹಾಕಿದ ಓಢಣಿ. ಕಾಲೇಜಿಗೆ ಹೊರಟ ಹುಡುಗಿಯ ಹಾಗೆ. ಹೊಟ್ಟೆಯೆಂಬುದು ಎಲ್ಲಿತ್ತೋ, ಎಲ್ಲಿ ಹೋಯಿತೋ. ಎರಡು ಹಡೆದ ಮೇಲೆ ಹೋದ ಆಮ್ರಪಾಲಿಯ ಸೊಂಟ ಹದಿನೆಂಟು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಆ ವಾರದ ಸಭೆಯಲ್ಲಿ ಅವಳೇ ಎದ್ದು ನಿಂತು, “ಸಾಲಿಗಿ ಬರೋ ಹೆಣ್ಮಕ್ಕಳು ಸೀರಿ ಉಟ್ಕೊಂಡೇ ಬರಬೇಕ್ರಿ ಸರ್. ಮಕ್ಕಳ ಮುಂದ ಒಂದು ಅದಬು ಬ್ಯಾಡೇನು?” ಎಂದಿದ್ದಳು. ಹಿರಿಯ ಶಿಕ್ಷಕಿಯ ಮಾತಿಗೆ ಹೆಡ್‌ಮಾಸ್ತರರು ತಲೆಯಾಡಿಸಿದ್ದರು. ಮರುದಿನದಿಂದ ಪೂನಂ ಸೀರೆಯಲ್ಲೇ. ಈಗಲೂ ಸೀರೆಯಲ್ಲೇ ಇದ್ದಳು. ಸುಡಲಿ, ಅದೂ ಅವಳಿಗೆ ಒಪ್ಪಿತ್ತು.

ಪೂನಂ ಮೇಜಿನ ಮೇಲಿದ್ದ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. “ಮೌಶಿ, ಪ್ಯಾಂಟಿಗಿ ಲಾಡಿ ಹಾಕಬ್ಯಾಡ. ಅಗಲನ್ನ ಇಲಾಸ್ಟಿಕ್ ಹಾಕು, ಹೊಕ್ಕಳದ ಮ್ಯಾಲ ಕುಂದ್ರಬೇಕು. ಹೊಲಿಗಿ ಮ್ಯಾಲ ಲಾಡಿ ತಿಕ್ಕತಿತ್ತಂದ್ರ ಊಟದ ಬೆಲ್ ಆಗೂದ್ರಾಗ ಗಾಯ ಹಸಿ ಆಗತದ.”

“ಇದೆಲ್ಲ ನಿನಗ ಹ್ಯಾಂಗ ಗೊತ್ತು?” ಆಮ್ರಪಾಲಿಯ ದನಿ ಬಿರುಸಾಗಿಯೇ ಬಂತು. ನೋವಿನಲ್ಲೂ ಇವಳೇ ತನಗಿಂತ ಮುಂದೇನು?

“ನಂದು ಸಿಜೇರಿನ್ ಆಗಿತ್ತಲ್ರಿ ಮೇಡಂ. ನೀವೇ ದವಾಖಾನಿಗಿ ಬಂದಿದ್ರಿ. ಕೂಸಿಗಿ ಕುಂಚಗಿ ತಂದಿದ್ರಿ.”

ಹೌದು, ತಂದಿದ್ದಳು. ಮಗುವಿನ ತಲೆಗೆ ತಾನೇ ಕಟ್ಟಿ, ಕೆನ್ನೆ ಹಿಂಡಿ, ಚಹಾ ಕುಡಿದು ಬಂದಿದ್ದಳು. ಹುಲಸೂರಿನ ತವರಿನಲ್ಲಿ ಎರಡನ್ನೂ ಸಲೀಸಾಗಿ ಹಡೆದ ಅವಳಿಗೆ, ಹೊದಿಕೆಯ ಕೆಳಗೆ ಆ ಹುಡುಗಿಗೆ ಏನಾಗಿದೆಯೆಂದು ಕೇಳಬೇಕೆನಿಸಿರಲಿಲ್ಲ.

“ಆವತ್ತು ಮೀಟಿಂಗನ್ಯಾಗ ಒಂದು ಮಾತು ಹೇಳಬೇಕಿತ್ತಲ್ಲ ಮತ್ತ?”

“ಸೀರಿ ಯಾಕ ಉಡವಲ್ಲಿ ಅಂತ ಯಾರರ ಕೇಳಿದ್ರ ಹೇಳತಿದ್ನಿರಿ. ನಾಳಿಂದ ಉಟ್ಕೊಂಡು ಬಾ ಅಂದ್ರಿ. ನಾ ಗೆಸ್ಟ್ ಟೀಚರ್. ಉಟ್ಕೊಂಡು ಬಂದ್ನಿ.” ಪೂನಂ ಸಿಟ್ಟಿಲ್ಲದೆ ಹೇಳಿ, ಬ್ಲೌಸನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಅಷ್ಟು ಕೇಳಿದ ಮೇಲೂ ಆಮ್ರಪಾಲಿಯ ಕಣ್ಣು ಆ ಸೊಂಟವನ್ನು ಬಿಟ್ಟು ಕದಲಲೊಲ್ಲದು. ನಾಚಿಕೆ, ಹೊಟ್ಟೆಕಿಚ್ಚು ಎರಡೂ ಒಂದೇ ಒಲೆಯಲ್ಲಿ ಉರಿಯುತ್ತಿದ್ದವು. ಪೂನಂ ಮೆಟ್ಟಿಲು ಇಳಿಯುವಾಗ ಹೇಗೋ ಬಾಯಿ ಬಿಟ್ಟಳು.

“ಸೋಮವಾರ ನೀನೂ ಡ್ರೆಸ್ ಹಾಕ್ಕೊಂಡು ಬಾ ಪೂನಂ. ಹೆಡ್‌ಮಾಸ್ತರಿಗಿ ನಾ ಹೇಳತೀನಿ.”

“ಎಲ್ಲಿ ಅದಾವ್ರಿ ಮೇಡಂ?” ಚಪ್ಪಲಿ ಮೆಟ್ಟುತ್ತ ಪೂನಂ ಮೊದಲ ಸಲ ನಕ್ಕಳು. “ಇದ್ದ ಐದೂ ಡ್ರೆಸ್ ಕತ್ತರಿಸಿ ಕೂಸಿಗಿ ಕೌದಿ ಹೊಲಿಸಿಬಿಟ್ನಿ. ಭಾಳ ಮೆತ್ತಗದ್ರಿ, ಹಾಸಿದ ಕೂಡ್ಲೇ ನಿದ್ದಿ ಹತ್ತತದ ಅವಗ.”