ಮಂಡಿಯ ಗಾಯ

ಸೈನ್ಯದ ಹಳೇ ದಾಖಲೆಗಳ ಕಚೇರಿಯಲ್ಲಿ ಕಾಗದವಿಲ್ಲ. ಸೇವೆಯಲ್ಲಿದ್ದಾಗಿನ ಸಿಪಾಯಿಯೇ, ಅದೇ ವಯಸ್ಸಿನಲ್ಲಿ, ಗಾಜಿನ ಹಿಂದೆ ಬಂದು ಕೂರುತ್ತಾನೆ. ನೀಲವ್ವಜ್ಜಿಯ ಅರ್ಜಿಗೆ ಅವಳ ಗಂಡ ಯಮನಪ್ಪ ಬಂದ, ಇಪ್ಪತ್ತೆರಡರ ಹುರಿಮೀಸೆಯೊಂದಿಗೆ. ಮನೆಯಲ್ಲಿರುವ ಮುದಿ ಯಮನಪ್ಪ ಮೊಮ್ಮಕ್ಕಳಿಗೆ ದಿನಾ ತೋರಿಸುವ ಗುಂಡಿನ ಗಾಯ ನಿಜವೋ ಸುಳ್ಳೋ, ಇವತ್ತು ಇತ್ಯರ್ಥವಾಗಬೇಕಿತ್ತು.

“ಮಂಡಿಗೇನಾಗೇತಿ ತಮ್ಮಾ?”

“ಗುಪ್ತ ಐತ್ರಿ ಅಜ್ಜಿ. ಸಾಹೇಬ್ರು ಕೇಳಿದ್ರಷ್ಟ ಹೇಳೂದು.”

ಗಂಡ ಇಷ್ಟು ವರ್ಷ ಎಮ್ಮೆಗಳಿಗೆ ಕೂಗಿದ್ದನ್ನೇ ನೀಲವ್ವ ಕೂಗಿದಳು: “ಸಾವಧಾನ್!”

ಹುಡುಗ ಸೆಟೆದು ನಿಂತ. “ಮೆಸ್ಸಿನ ಕೋಳಿ ಕದಿಯಾಕ ಹೋಗಿ ಬಿದ್ದೆ, ಸಾಹೇಬ್ರ!” ಆಮೇಲೆ ಮೆಲ್ಲಗೆ ಗೋಗರೆದ: “ಯಾರಿಗೂ ಹೇಳಬ್ಯಾಡ್ರಿ ಅಜ್ಜಿ. ರಜಾದಾಗ ಹೆಣ್ಣು ನೋಡಾಕ ಹೊಂಟೀನಿ. ಆಕಿಗೆ ಗುಂಡು ಬಡದೈತಿ ಅಂತ ಹೇಳಾಂವ ಅದೀನಿ.”

“ಹೇಳಪಾ, ಹೇಳು,” ಎಂದಳು ನೀಲವ್ವ. “ಆಕಿ ನಂಬ್ತಾಳ. ಆಗ ಆಕಿಗೆ ಅಷ್ಟು ಬುದ್ಧಿ ಇದ್ದಿದ್ದಿಲ್ಲ.”