ಇಂಜೆಕ್ಷನ್ನಿನ ಗೆರೆ

"ನಿಮ್ಮ ರಕ್ತ ಪರೀಕ್ಷೆಯಲ್ಲಿ ಗರ್ಭ ಕಾಣುತ್ತಿಲ್ಲ," ಎಂದಳು ಫೋನಿನಲ್ಲಿ ಕ್ಲಿನಿಕ್ಕಿನ ನರ್ಸ್. "ಮನೆಯಲ್ಲಿ ಮಾಡಿಕೊಂಡ ಟೆಸ್ಟಿನಲ್ಲಿ ಕಂಡ ಎರಡನೇ ಗೆರೆ ನಾವು ಕೊಟ್ಟ ಇಂಜೆಕ್ಷನ್ನಿನ ಹಾರ್ಮೋನಿನದು. ಎರಡು ವಾರ ಟೆಸ್ಟ್ ಮಾಡಬೇಡಿ ಎಂದು ನಿಮ್ಮ ಗಂಡನಿಗೆ ಹೇಳಿದ್ದೆನಲ್ಲ?"

ಚಿತ್ರಾ ಪಕ್ಕದಲ್ಲಿದ್ದ ಗಂಡ ಸುಧನ್ವನನ್ನು ನೋಡಿದಳು. ಕಳೆದ ವಾರ ತಾವಿರುವ ಮಿಲ್ಟನ್ ಊರಿನ ಔಷಧಿ ಅಂಗಡಿಯಿಂದ ಗರ್ಭ ಪರೀಕ್ಷೆಯ ಕಿಟ್ ತಂದು, "ಒಂದ್ಸಲ ನೋಡೇ ಬಿಡೋಣ ಕಣೇ" ಎಂದವನು ಅವನೇ. ಎರಡು ಗೆರೆಗಳ ಫೋಟೊ ತಾಯಿಗೆ ಕಳಿಸಿದವನೂ ಅವನೇ.

"ಸುಳ್ಳು ಗೆರೆ ಅಂತ ಗೊತ್ತಿತ್ತಾ?"

"ಅಮ್ಮಂದು ಅರವತ್ತನೇ ಬರ್ತ್‌ಡೇ ಅಲ್ವಾ, ಒಂದು ಗುಡ್ ನ್ಯೂಸ್ ಕೊಡೋಣ ಅಂತ. ಆಮೇಲೆ ನಿಜಾನೂ ಆಗ್ಬಹುದಿತ್ತು."

ಮೈಸೂರಿನಿಂದ ಅತ್ತೆಯ ವಿಡಿಯೊ ಕಾಲ್ ಬಂತು. ಕಟ್ ಮಾಡಲು ಅವನು ಕೈ ಚಾಚುವ ಮೊದಲೇ ಚಿತ್ರಾ ಎತ್ತಿದಳು. "ಅತ್ತೆ, ನಿಮ್ಮ ಮಗ ಏನೋ ಹೇಳ್ಬೇಕಂತೆ," ಎಂದು ಫೋನನ್ನು ಅವನ ಮುಖಕ್ಕೆ ಹಿಡಿದಳು.